ಹಳ್ಳದ ಡೊಂಕು

ಜವಳಗೇರಾದ ಸುತ್ತಿನಲ್ಲಿ ನೀರೆಂದರೆ ಕಾಲುವೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ, ಜೋಳ ಬೆಳೆಯುತ್ತಿದ್ದ ಸಿಂಧನೂರು ಸೀಮೆಯ ಎರೆಹೊಲಗಳಿಗೆ ಎಡದಂಡೆಯ ಕಾಲುವೆಯು ಬತ್ತವನ್ನು ತಂದಿತು. ಗದ್ದೆಯಿಂದ ಬಸಿದ ನೀರು ಹಳ್ಳವನ್ನು ಸೇರುತ್ತದೆ. ಸುತ್ತಿ ಬಳಸಿ ಹರಿಯುವ ಆ ಹಳ್ಳದ ಡೊಂಕನ್ನು ತಿದ್ದಿದರೆ ನಾಲ್ಕು ಗುಂಟೆ ಹೆಚ್ಚು ದಕ್ಕೀತೆಂದು ರೈತನಿಗೆ ಅನ್ನಿಸುವುದು ಸಹಜ. ತಪ್ಪೆಂದು ಯಾರು ಹೇಳಿಯಾರು? ಹೊಟ್ಟೆಯ ಮಾತದು.

ಡೆನ್ಮಾರ್ಕ್ ದೇಶದವರೂ ಹೀಗೆಯೇ ಎಣಿಸಿದರು. 1962ರಿಂದ 1968ರವರೆಗೆ ಅಲ್ಲಿಯ ಸ್ಕಿಯರ್ನ್ ನದಿಯ ಕೆಳಪಾತ್ರವನ್ನು ಅಗೆದು ನೇರಮಾಡಿ, ಒಡ್ಡು ಕಟ್ಟಿ, ಜೌಗುನೆಲವನ್ನು ಸಾಗುವಳಿಗೆ ತಂದರು. ಬೆಳೆಯೇನೋ ಬಂದಿತು. ಆದರೆ ಒಣಗಿದ ನೆಲ ಕುಸಿಯತೊಡಗಿತು. ಅದರೊಳಗಿನ ಕಬ್ಬಿಣದ ಅಂಶ ಕೆಂಗೆಸರಾಗಿ ಹೊಳೆಗಿಳಿಯಿತು. ಆ ಹೊಳೆಯ ಸಾಲ್ಮನ್ ಮೀನು ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನೀರಿಗೇ ಮರಳುವಂಥದು. ಹರಳುಕಲ್ಲುಗಳ ಸಂದಿನಲ್ಲಿ ತಿಳಿನೀರು ಹಾಯುತ್ತಿದ್ದರೆ ಮಾತ್ರ ಅದರ ಮೊಟ್ಟೆ ಉಳಿಯುತ್ತದೆ. ತಿರುವಿನ ಹೊರಬದಿಯನ್ನು ನೀರು ಕೊರೆದು ಮಡುವಾಗುತ್ತದೆ. ಒಳಬದಿಯಲ್ಲಿ ಮರಳು ನಿಲ್ಲುತ್ತದೆ. ಎರಡು ತಿರುವುಗಳ ನಡುವೆ ಹರಳಿನ ಮೇಲೆ ತೆಳುನೀರು ಹರಿಯುತ್ತದೆ. ನೇರ ಕಾಲುವೆಯಲ್ಲಿ ಇವೊಂದೂ ಇಲ್ಲ.

ವಾಚಕರಿಗೆ ನಗು ಬಂದೀತು: 1999ರಿಂದ 2002ರವರೆಗೆ ಅದೇ ದೇಶ ಅದೇ ಹೊಳೆಯನ್ನು ಮತ್ತೆ ಸೊಟ್ಟಮಾಡಿತು! 19 ಕಿ.ಮೀ. ನೇರಪಾತ್ರ 26 ಕಿ.ಮೀ. ಬಳಸುದಾರಿಯಾಯಿತು. ಸುಮಾರು 2,200 ಹೆಕ್ಟೇರ್ ನೆಲ ಹೊಳೆಗೆ ಮರಳಿತು. ಅಳಿಯಿತೆಂದೇ ಜನ ತಿಳಿದಿದ್ದ ಸಾಲ್ಮನ್ ಸಾವಿರಗಳ ಲೆಕ್ಕದಲ್ಲಿ ಏರಿಬಂದಿತು. ಮರಿಗಳನ್ನು ಸಾಕಿ ಬಿಟ್ಟದ್ದೂ ಇದಕ್ಕೆ ನೆರವಾಯಿತೆನ್ನಬೇಕು.

ಕನ್ನಡನಾಡಿನ ಹೊಳೆಗಳಲ್ಲಿ ಸಾಲ್ಮನ್ ಇಲ್ಲ. ಆದರೆ ಮುಂಗಾರಿನ ಹೊಸನೀರಿಗೆ ಎದುರೇರಿ ಮೊಟ್ಟೆಯಿಡುವ ಮೀನುಗಳುಂಟು. ಮಲೆನಾಡಿನವರು ಅವನ್ನು ಹತ್ತುಮೀನು ಎನ್ನುತ್ತಾರೆ. ತುಂಗಭದ್ರೆಯ ಅಣೆಕಟ್ಟನ್ನು ಅವು ಏರಲಾರವು. ಕೆಳಗಣ ಹಳ್ಳಗಳನ್ನಾದರೂ ಏರಬೇಕಷ್ಟೆ.

2019ರಲ್ಲಿ ನೆರೆಯ ಕೊಪ್ಪಳದ ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಜನರು ಹಿರೇಹಳ್ಳದ ಹೂಳನ್ನೂ ಕಳೆಯನ್ನೂ ತೆಗೆದರು. ಮೆಚ್ಚತಕ್ಕ ಕೆಲಸ. ಅಂಥದು ಜವಳಗೇರಾದ ಹಳ್ಳಗಳಿಗೂ ಬಂದರೆ, ಯಂತ್ರವು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಮೀನು ಜೀವ ಹಿಡಿಯುವುದು ತಿರುವಿನ ಮಡುವಿನಲ್ಲಿ, ದಂಡೆಯ ಲಕ್ಕಿಗಿಡದ ನೆರಳಿನಲ್ಲಿ. ಇನ್ನು ರೈತನ ಆ ನಾಲ್ಕು ಗುಂಟೆ? ಡೆನ್ಮಾರ್ಕಿನ ಸರ್ಕಾರ ಹೊಳೆಗೆ ಬೇಕಾದ ಭೂಮಿಯನ್ನು ಹಣ ಕೊಟ್ಟು ಕೊಂಡಿತು, ಇಲ್ಲವೇ ಬದಲು ಭೂಮಿ ಕೊಟ್ಟಿತು, ಸುಮ್ಮನೆ ಕಿತ್ತುಕೊಳ್ಳಲಿಲ್ಲ.