ಆಣೆಯೂ ಓಟೂ

ಚುನಾವಣೆಗೆ ನಿಂತವರಿಗೆ ದೈವಭಕ್ತಿ ಇರಬೇಕೆ, ಇದ್ದರೆ ಅದನ್ನು ಓಟು ಕೇಳುವಾಗ ಮುಂದಿಡಬಹುದೆ? ಈ ಪ್ರಶ್ನೆಯನ್ನು ನಮ್ಮ ವಾಚಕರಿಬ್ಬರು ಎರಡು ಬಗೆಯಾಗಿ ಕೇಳಿದ್ದಾರೆ. ಚಿಂತಲ್ ಕಡೆಯ ತಾಯಿಯೊಬ್ಬರು, "ದೇವರ ಹೆದರಿಕೆ ಇಲ್ಲದವನ ಕೈಗೆ ಖಜಾನೆಯ ಬೀಗದ ಕೈ ಕೊಟ್ಟರೆ ಏನು ಉಳಿದೀತು?" ಎಂದು ಬರೆದಿದ್ದಾರೆ. ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ದುಡಿಯುವ ತರುಣರು, "ಅವರು ಯಾವ ಗುಡಿಗೆ ಹೋದರೆ ನಮಗೇನು? ನಮ್ಮ ಓಣಿಗೆ ನೀರು ಬರಬೇಕು, ಚರಂಡಿ ಮುಚ್ಚಬೇಕು, ರಾತ್ರಿ ಹೊತ್ತು ಬರುವ ಔಷಧಿ ಕಾರ್ಖಾನೆಯ ವಾಸನೆ ನಿಲ್ಲಬೇಕು, ಅಷ್ಟೆ" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದ್ದರಿಂದಲೇ ಈ ಸಲದ ಅಂಕಣವನ್ನು ಇದಕ್ಕೆ ಮೀಸಲಿಟ್ಟೆವು.

ತಾಯಿಯವರ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಅವರ ಪಕ್ಷಕ್ಕೆ ಸಾಕ್ಷಿಯಾಗಿ ನಿಲ್ಲಬಲ್ಲವರು ನಮ್ಮವರೇ ಇದ್ದಾರೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗಿಂತ ಹೆಚ್ಚಿನ ಧರ್ಮಶ್ರದ್ಧೆಯುಳ್ಳ ಮಂತ್ರಿಯನ್ನು ಕನ್ನಡ ನಾಡು ಕಂಡಿಲ್ಲ. ಅವರ ಕಲ್ಯಾಣ ಇಂದು ಬೀದರ್ ಜಿಲ್ಲೆಯ ಬಸವಕಲ್ಯಾಣ. ನಮ್ಮ ಸದಸ್ಯರಲ್ಲಿ ಹಲವರಿಗೆ ಅದು ತವರಿನ ದಾರಿಯ ಊರು. ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಅವರ ಮೇಲೆ ಚಾಡಿ ಹೋಯಿತಂತೆ. ಬಿಜ್ಜಳ ಲೆಕ್ಕ ಕೇಳಿದ. ಬಸವಣ್ಣನವರು, "ನಾನು ಶಿವಭಕ್ತ, ನನ್ನನ್ನು ಕೇಳಬಹುದೆ?" ಎನ್ನಲಿಲ್ಲ, ಭಂಡಾರ ತೆರೆದು ಎಣಿಸಿಕೊಳ್ಳಿ ಎಂದರು, ಕಾಸು ಕೂಡ ಕಡಿಮೆ ಬರಲಿಲ್ಲ. ಇದು ಪುರಾಣದ ಕಥೆ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಹಾಡಿದ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ತೆಲುಗರ ನಡುವೆ ಬಾಳುವ ನಮಗೆ ಈ ಕೊಡುಕೊಳ್ಳುವಿಕೆ ನೆನೆದಷ್ಟೂ ಹಿತ. ಇರಲಿ. ಕಥೆಯಲ್ಲಿ ಭಕ್ತಿಯೂ ಇದೆ, ಲೆಕ್ಕವೂ ಇದೆ. ಒಂದು ಇನ್ನೊಂದರ ಜಾಗದಲ್ಲಿ ಕೂತಿಲ್ಲ.

ಇನ್ನು ನಮ್ಮ ಕಾಲದ ಕಥೆ. 2011ರ ಜೂನ್ ತಿಂಗಳಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಶ್ರೀ ಬಿ. ಎಸ್. ಯಡಿಯೂರಪ್ಪನವರಿಗೂ ಮಾಜಿ ಮುಖ್ಯಮಂತ್ರಿ ಶ್ರೀ ಎಚ್. ಡಿ. ಕುಮಾರಸ್ವಾಮಿಯವರಿಗೂ ಮಾತಿಗೆ ಮಾತು ಬೆಳೆಯಿತು. ಒಬ್ಬರು ಸಂಧಾನಕ್ಕೆ ದೂತರನ್ನು ಕಳಿಸಿದ್ದರೆಂದು ಒಂದು ಕಡೆಯ ಮಾತು. ಇಲ್ಲವೇ ಇಲ್ಲವೆಂದು ಇನ್ನೊಂದು ಕಡೆಯ ಮಾತು. ಕೊನೆಗೆ ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಮಾಡಲಿ ಎಂಬ ಸವಾಲು ಹುಟ್ಟಿತು. ನಮ್ಮ ಕಡೆ ಮಂಜುನಾಥನ ಆಣೆಯೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರ ಆಸ್ತಿ ಜಗಳವನ್ನು ಆ ಹೆಸರು ಎತ್ತಿಯೇ ನಿಲ್ಲಿಸಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ನಾಡೆಲ್ಲ ಉಸಿರು ಹಿಡಿದು ನೋಡಿತು. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಹೋದರು, ಪೂಜೆ ಸಲ್ಲಿಸಿದರು, ಆಣೆ ಮಾಡದೆ ಮರಳಿದರು.

ಆಗ ನಕ್ಕವರು ಬಹಳ ಮಂದಿ. ನಮಗೆ ನಗು ಬರಲಿಲ್ಲ. ಆಣೆ ಮಾಡದೆ ಬಂದದ್ದೇ ಲೇಸಾಯಿತೆಂದು ಅನ್ನಿಸಿತು. ಇಬ್ಬರೂ ಆಣೆ ಮಾಡಿದ್ದರೆ ಏನಾಗುತ್ತಿತ್ತು? ಒಬ್ಬರ ಮಾತನ್ನು ನಂಬದವರು ದೇವರನ್ನೇ ನಂಬದವರಂತೆ ಕಾಣುತ್ತಿದ್ದರು. ಪ್ರತಿಪಕ್ಷ ಕೇಳಬೇಕಾದ ಪ್ರಶ್ನೆ ಗರ್ಭಗುಡಿಯ ಹೊಸ್ತಿಲಲ್ಲಿ ಸತ್ತುಹೋಗುತ್ತಿತ್ತು. ಸರಿಯಾಗಿ ಒಂದು ತಿಂಗಳ ಮೇಲೆ, ಜುಲೈ 27ರಂದು, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಗಣಿಗಾರಿಕೆಯ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದರು. 31ರಂದು ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. ಅದರ ಬೆನ್ನಿಗೆ ಬಂದ ಗಣಿ ಕಪ್ಪದ ಮೊಕದ್ದಮೆಯಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತೆಂಬುದನ್ನೂ ಹೇಳಬೇಕು. ಕಾಗದ, ಸಾಕ್ಷಿ, ವಕೀಲರ ಪ್ರಶ್ನೆ, ತೀರ್ಪು: ಆರೋಪ ಬಂದದ್ದೂ ಹೋದದ್ದೂ ಈ ದಾರಿಯಲ್ಲಿ. ಭಂಡಾರದ ಲೆಕ್ಕಕ್ಕೆ ಇದೇ ದಾರಿ. ಮಂಜುನಾಥನಿಗೆ ಈ ಕೆಲಸ ಹಚ್ಚುವುದು ಅವನಿಗೆ ಮಾಡುವ ಸೇವೆಯೂ ಅಲ್ಲ.

ಆಣೆಯ ಇನ್ನೊಂದು ರೂಪ ಇದಕ್ಕಿಂತ ಕೆಟ್ಟದು. ಚುನಾವಣೆಯ ಹಿಂದಿನ ರಾತ್ರಿ ಬಡವರ ಕೈಗೆ ನೋಟು ತುರುಕಿ, ದೇವರ ಪಟದ ಮೇಲೋ ತೆಂಗಿನಕಾಯಿಯ ಮೇಲೋ ಕೈ ಇಡಿಸಿ "ನಮಗೇ ಹಾಕುತ್ತೇನೆ" ಎಂದು ಹೇಳಿಸುವ ಪದ್ಧತಿ ಕರ್ನಾಟಕದಲ್ಲೂ ಇದೆ, ಇಲ್ಲೂ ಇದೆ. ನೋಟು ಖರ್ಚಾಗಿ ಹೋಗುತ್ತದೆ, ಆಣೆ ಮಾತ್ರ ಎದೆಯಲ್ಲಿ ಕೂತಿರುತ್ತದೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು, "ಬೇರೆಯವರಿಗೆ ಹಾಕಿದರೆ ಮಗುವಿಗೆ ಏನಾದರೂ ಆದೀತೇ ಅಮ್ಮಾ?" ಎಂದು ಕೇಳಿದ್ದನ್ನು ನಮ್ಮ ಸದಸ್ಯೆಯೊಬ್ಬರು ಹೇಳಿದರು. ಅವಳಿಗೆ ಹೇಳಬೇಕಾದ ಉತ್ತರ 1951ರ ಪ್ರಜಾಪ್ರತಿನಿಧಿ ಕಾಯಿದೆಯಲ್ಲಿದೆ. ಅದರ 123ನೆಯ ಕಲಮು ಚುನಾವಣೆಯ ಭ್ರಷ್ಟಾಚಾರಗಳನ್ನು ಎಣಿಸುತ್ತದೆ. ಮೊದಲಿನದು ಲಂಚ. ಮುಂದೆ, ದೈವಕೋಪಕ್ಕೆ ಗುರಿಯಾಗುತ್ತೀಯೆಂದು ಮತದಾರನನ್ನು ನಂಬಿಸಿ ಓಟಿಗೆ ಅಡ್ಡಬರುವುದೂ ಅಪರಾಧವೇ. ಹೆದರಿಸಿ ಪಡೆದ ಆ ಮಾತಿಗೆ ಅವಳು ಕಟ್ಟುಬೀಳಬೇಕಾಗಿಲ್ಲ. ಓಟು ಗುಟ್ಟಿನದು, ಯಂತ್ರದ ಮುಂದೆ ಅವಳೊಬ್ಬಳೇ ಇರುತ್ತಾಳೆ. ದಯವಿಟ್ಟು ನಿಮ್ಮ ಮನೆಗೆ ಬರುವವರಿಗೂ ಇದನ್ನು ತಿಳಿಸಿ ಹೇಳಿ.

ಅದೇ ಕಲಮಿನ ಮೂರನೆಯ ಉಪಕಲಮು ಮತಧರ್ಮ, ಕುಲ, ಜಾತಿ, ಸಮುದಾಯ, ಭಾಷೆ ಇವುಗಳ ಹೆಸರಿನಲ್ಲಿ ಓಟು ಕೇಳಬಾರದೆನ್ನುತ್ತದೆ. ಉಮೇದುವಾರ ತನ್ನ ಧರ್ಮದ ಹೆಸರು ಹೇಳಿ ಕೇಳುವುದು ಮಾತ್ರ ತಪ್ಪೋ, ಮತದಾರನ ಧರ್ಮದ ಹೆಸರು ಹೇಳಿ ಕೇಳುವುದೂ ತಪ್ಪೋ ಎಂಬ ತಕರಾರು ಬಹುಕಾಲ ನಡೆಯಿತು. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರಲ್ಲಿ ನಾಲ್ವರು ಎರಡೂ ತಪ್ಪೆಂದರು. ಮೂವರು ಒಪ್ಪಲಿಲ್ಲ. ಜಾತಿಯಿಂದಲೋ ಧರ್ಮದಿಂದಲೋ ತುಳಿತಕ್ಕೆ ಸಿಕ್ಕವರು ತಮ್ಮ ಸಂಕಟವನ್ನು ಚುನಾವಣೆಯಲ್ಲಿ ಹೇಳಿಕೊಳ್ಳಬಾರದೆಂದರೆ ಮತ್ತೆಲ್ಲಿ ಹೇಳಿಕೊಳ್ಳಬೇಕು ಎಂಬುದು ಆ ಮೂವರ ಕಳವಳ. ತೀರ್ಪು ನಾಲ್ವರದು, ಮೂವರ ಮಾತೂ ತಳ್ಳಿಹಾಕುವಂಥದಲ್ಲವೆಂದು ನಮ್ಮ ಎಣಿಕೆ. ಕಾಯಿದೆ ಕಚ್ಚಿದ್ದೂ ಉಂಟು. 1987ರ ಮುಂಬಯಿಯ ವಿಲೇಪಾರ್ಲೆ ಉಪಚುನಾವಣೆಯಲ್ಲಿ ಧರ್ಮದ ಹೆಸರು ಹೇಳಿ ಓಟು ಕೇಳಿದ್ದಕ್ಕೆ ಗೆದ್ದವರ ಆಯ್ಕೆ ರದ್ದಾಯಿತು; ಭಾಷಣ ಮಾಡಿದ ಬಾಳ ಠಾಕರೆಯವರು ಆರು ವರ್ಷ ಓಟಿನ ಹಕ್ಕನ್ನೇ ಕಳೆದುಕೊಂಡರು. ಆದರೆ ಅಂಥ ಉದಾಹರಣೆ ಬೆರಳೆಣಿಕೆಯಷ್ಟು. ತೀರ್ಪು ಬರುವ ಹೊತ್ತಿಗೆ ಆ ಶಾಸನಸಭೆಯ ಅವಧಿಯೇ ಮುಗಿದಿರುತ್ತದೆ.

ಹಾಗಾದರೆ ಉಮೇದುವಾರ ಹಣೆಗೆ ಕುಂಕುಮ ಇಡಬಾರದೆ, ನಮಾಜಿಗೆ ಹೋಗಬಾರದೆ? ಧಾರಾಳವಾಗಿ ಹೋಗಬಹುದು. ನಮ್ಮ ರಾಜ್ಯಾಂಗ ನಾಸ್ತಿಕರ ರಾಜ್ಯಾಂಗವಲ್ಲ, ಆಸ್ತಿಕರದೂ ಅಲ್ಲ. ಇದಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯದ ಸಂಗತಿ ನಮ್ಮ ಮಕ್ಕಳಿಗೆ ಗೊತ್ತಿರಬೇಕು. 1949ರ ಅಕ್ಟೋಬರ್ 17ರಂದು ರಾಜ್ಯಾಂಗ ಸಭೆ ಪೀಠಿಕೆಯನ್ನು ಚರ್ಚಿಸುತ್ತಿದ್ದಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಎದ್ದು ನಿಂತು, ಅದು ದೇವರ ಹೆಸರಿನಿಂದ ಆರಂಭವಾಗಲೆಂದು ತಿದ್ದುಪಡಿ ಸೂಚಿಸಿದರು. ಐ.ಸಿ.ಎಸ್. ಕೆಲಸ ಬಿಟ್ಟು ಸುಭಾಷರ ಹಿಂದೆ ಹೋದವರು ಅವರು. ಅವರ ಭಕ್ತಿ ತೋರಿಕೆಯದಲ್ಲ. ದೇವರ ಮೇಲೆ ಓಟು ಹಾಕುವ ಮುಜುಗರಕ್ಕೆ ನಮ್ಮನ್ನು ಸಿಕ್ಕಿಸಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ಕಾಮತರು ಬಿಡಲಿಲ್ಲ. ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68. ಆ 68 ಮಂದಿಯಲ್ಲಿ ನಿತ್ಯಪೂಜೆಯವರು ಎಷ್ಟೋ ಮಂದಿ ಇದ್ದಿರಬೇಕು. ನಂಬದವನ ಬಾಯಿಂದಲೂ ದೇವರ ಹೆಸರು ಹೇಳಿಸುವುದು ಸರಿಯಲ್ಲವೆಂಬುದು ಎದುರು ನಿಂತವರ ವಾದವಾಗಿತ್ತು.

ಅದೇ ಸಭೆ ಪ್ರಮಾಣವಚನಕ್ಕೆ ಎರಡು ದಾರಿ ಇಟ್ಟಿತು: ಬೇಕಾದವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಲಿ, ಬೇಡವಾದವರು ಸತ್ಯನಿಷ್ಠೆಯಿಂದ ದೃಢೀಕರಿಸಲಿ. ಈಗ ಮೂರನೆಯ ದಾರಿಯೊಂದು ರೂಢಿಗೆ ಬಂದಿದೆ. 2023ರ ಮೇ 20ರಂದು ಶ್ರೀ ಡಿ. ಕೆ. ಶಿವಕುಮಾರ್ ಅವರು ತಮ್ಮ ಗುರು ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದರು. ಬೇರೆ ಬೇರೆ ಪಕ್ಷಗಳ ಮಂತ್ರಿಗಳೂ ತಮ್ಮ ತಮ್ಮ ಆರಾಧ್ಯರ ಹೆಸರು ಸೇರಿಸಿಕೊಂಡಿದ್ದಾರೆ. ಕೇರಳದಲ್ಲಿ 2001ರಲ್ಲಿ ಶಾಸಕರೊಬ್ಬರು ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದ್ದು ನ್ಯಾಯಾಲಯಕ್ಕೆ ಹೋಗಿ, ರಾಜ್ಯಾಂಗದ ನಮೂನೆಯಂತೆ ಇಲ್ಲವೆನಿಸಿಕೊಂಡಿತು. ಗುರುಭಕ್ತಿ ದೊಡ್ಡದೇ. ಆದರೆ ಪ್ರಮಾಣವಚನ ಎಲ್ಲರಿಗೂ ಒಂದೇ ಆಗಿರುವುದರಲ್ಲಿ ಒಂದು ಅರ್ಥವಿದೆ: ಗುರು ಮಂತ್ರಿಗಳೊಬ್ಬರಿಗೆ ಸೇರಿದವರು, ಪದವಿ ಆ ಗುರುವಿನ ಹೆಸರೇ ಕೇಳದವರಿಗೂ ಸೇರಿದ್ದು.

ಹೊರದೇಶದ ಒಂದು ಮಾತು. ಅಮೆರಿಕದಲ್ಲಿ 1960ರಲ್ಲಿ ಕೆನಡಿಯವರು ಅಧ್ಯಕ್ಷ ಪದವಿಗೆ ನಿಂತಾಗ, ಕ್ಯಾಥೊಲಿಕರಾದ ಇವರು ರೋಮಿನ ಪೋಪರ ಮಾತು ಕೇಳಿಯಾರೆಂದು ಅನೇಕರು ಶಂಕಿಸಿದರು. ಅವರು ಸೆಪ್ಟೆಂಬರ್ 12ರಂದು ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳ ಎದುರಿಗೇ ಹೋಗಿ ನಿಂತು, ಸರ್ಕಾರ ಬೇರೆ, ಚರ್ಚು ಬೇರೆ ಎಂದರು. ಅಂತಃಕರಣಕ್ಕೂ ದೇಶಹಿತಕ್ಕೂ ವಿರೋಧ ಬಂದರೆ ಪದವಿ ಬಿಡುವೆನೆಂದರು. ಹಾಗೆಂದು ತಮ್ಮ ಧರ್ಮವನ್ನು ಅಲ್ಲಗಳೆಯಲಿಲ್ಲ. ನಮ್ಮಲ್ಲಿ ಅಂಥ ಗೋಡೆ ಇಲ್ಲ, ಸರ್ಕಾರವೇ ಗುಡಿಗಳ ಆಡಳಿತ ನೋಡುತ್ತದೆ. ಕರ್ನಾಟಕದಲ್ಲಿ ಮುಜರಾಯಿ, ಇಲ್ಲಿ ಎಂಡೋಮೆಂಟ್ಸ್. ಗೋಡೆಯಿಲ್ಲದ ಮನೆಯಲ್ಲಿ ಇರುವವರು ಹೆಚ್ಚು ಹುಷಾರಾಗಿರಬೇಕಷ್ಟೆ. ಈ ಹುಷಾರಿಗೆ ಆಧಾರವಾದ ತೀರ್ಪು ಕನ್ನಡಿಗರೊಬ್ಬರ ಹೆಸರಿನಲ್ಲಿದೆ. 1989ರಲ್ಲಿ ವಜಾ ಆದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು, ಧರ್ಮನಿರಪೇಕ್ಷತೆ ರಾಜ್ಯಾಂಗದ ಮೂಲರಚನೆಗೆ ಸೇರಿದ್ದೆಂದು ಹೇಳಿತು.

ಇದೆಲ್ಲ ಪುಸ್ತಕದ ಮಾತೆಂದು ಕೆಲವರು ಅಂದಾರು. ನಮ್ಮಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯವರೇ ಹೆಚ್ಚು. ಅವರ ಮನೆಗಳಲ್ಲಿ ಇದು ಪುಸ್ತಕದ ಮಾತಲ್ಲ. ಆ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಸರ್ಕಾರದ ಕೊನೆಯ ದಿನಗಳಲ್ಲಿ ರಜಾಕಾರರು ಧರ್ಮದ ಹೆಸರು ಹೇಳಿ ಊರೂರು ಸುಟ್ಟದ್ದನ್ನು ಅಜ್ಜಿಯರು ಹೇಳಿದ್ದಾರೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಅದೇ ಊರುಗಳಲ್ಲಿ ನಿರಪರಾಧಿ ಮುಸಲ್ಮಾನರು ಸತ್ತದ್ದನ್ನು ಅಷ್ಟೇ ಅಜ್ಜಿಯರು ತಗ್ಗಿದ ದನಿಯಲ್ಲಿ ಹೇಳಿದ್ದಾರೆ. ದಿಲ್ಲಿಯಿಂದ ಬಂದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗಗಳನ್ನು ಹೆಸರಿಸಿತು. ಎರಡನ್ನೂ ಕೇಳಿ ಬೆಳೆದವರಿಗೆ, ವೇದಿಕೆಯ ಮೇಲೆ ಒಬ್ಬ "ನಮ್ಮ ಧರ್ಮ ಅಪಾಯದಲ್ಲಿದೆ" ಎಂದಾಗ ಹೊಟ್ಟೆಯಲ್ಲಿ ಏನೋ ಆಗುವುದು ಸಹಜ.

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳದ ಮಾತನ್ನೂ ಆಡಬೇಕು. 2023ರ ನವೆಂಬರಿನ ಶಾಸನಸಭೆ ಚುನಾವಣೆಯ ಮೊದಲು ನಮ್ಮ ಕುತ್ಬುಲ್ಲಾಪುರ ಕ್ಷೇತ್ರದ ಒಬ್ಬ ಉಮೇದುವಾರರ ಕಡೆಯವರು ಸಂಘಕ್ಕೆ ಬಂದಿದ್ದರು. ಹೆಸರು, ಪಕ್ಷ ಇಲ್ಲಿ ಬೇಡ. ಗುಡಿಯ ಅಂಗಳದಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿ ಕನ್ನಡ ಕುಟುಂಬಗಳಿಗೆಲ್ಲ ಊಟ ಹಾಕಿಸುತ್ತೇವೆ, ನಮ್ಮ ನಾಯಕರು ಬಂದು ನಾಲ್ಕು ಮಾತಾಡುತ್ತಾರೆ, ಕನ್ನಡದವರ ಓಟು ಒಟ್ಟಾಗಿ ಬರಲಿ ಎಂದರು. ಸಂಘದ ಕಟ್ಟಡಕ್ಕೆ ಸಹಾಯದ ಮಾತೂ ಬಂತು. ಕಮಿಟಿಯಲ್ಲಿ ಬಿಸಿ ಬಿಸಿ ಚರ್ಚೆಯಾಯಿತು. "ಪ್ರಸಾದಕ್ಕೆ ಯಾವ ಪಕ್ಷ?" ಎಂದರು ಹಿರಿಯರೊಬ್ಬರು. "ನಮ್ಮ ಸಂಘದಲ್ಲಿ ಮುಸಲ್ಮಾನರ ಮನೆ ನಾಲ್ಕಿವೆ, ಕ್ರೈಸ್ತರ ಮನೆ ಎರಡಿವೆ, ಕನ್ನಡದ ಕೂಟ ಎಂದು ಕರೆದು ಪೂಜೆಗೆ ಕೂರಿಸಿದರೆ ಅವರು ಕನ್ನಡದವರಲ್ಲವೆ?" ಎಂದು ಕೇಳಿದವರು ಕೋಶಾಧಿಕಾರಿಯವರು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಪೂಜೆಯ ಸ್ಥಳಗಳನ್ನು ರಾಜಕೀಯಕ್ಕೆ ಬಳಸಬಾರದೆಂದು 1988ರ ಕಾಯಿದೆಯೇ ಇದೆಯೆಂದು ವಕೀಲ ಸದಸ್ಯರು ತಿಳಿಸಿದರು. ಆಹ್ವಾನವನ್ನು ವಿನಯದಿಂದ ಬೇಡವೆಂದೆವು. ಕಟ್ಟಡದ ನಿಧಿ ಈಗಲೂ ಕುಂಟುತ್ತಲೇ ಇದೆ, ವಾಚಕರು ಗಮನಿಸಬೇಕು.

"ಹಾಗಾದರೆ ಕನ್ನಡದ ಹೆಸರಿನಲ್ಲೂ ಏನೂ ಕೇಳಬಾರದೆ?" ಎಂದು ಕೆಲವರಿಗೆ ಅಂಜಿಕೆಯಾಗಿದೆ. ಭಾಷೆಯ ಹೆಸರಿನಲ್ಲಿ ಓಟು ಕೇಳಬಾರದೆಂದು ಕಾಯಿದೆಯಲ್ಲಿದೆಯಷ್ಟೆ. ಆದರೆ ಪಂಜಾಬಿನ ಜಗದೇವ ಸಿಂಹ ಸಿದ್ಧಾಂತಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1964ರಲ್ಲಿ ಒಂದು ಗೆರೆ ಎಳೆದಿದೆ. "ನಾನು ಈ ಭಾಷೆಯವನು, ಅದಕ್ಕೇ ಓಟು ಹಾಕು" ಎನ್ನುವುದು ಬೇರೆ. ಒಂದು ಭಾಷೆಯ ರಕ್ಷಣೆಗೆ ದುಡಿಯುತ್ತೇನೆ ಎನ್ನುವುದು ಬೇರೆ, ಅದು ಭ್ರಷ್ಟಾಚಾರವಲ್ಲ. ನಾಗರಿಕರು ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕು ರಾಜ್ಯಾಂಗದ 29ನೆಯ ವಿಧಿಯಲ್ಲೇ ಇದೆ.

ಆದ್ದರಿಂದ ಕಮಿಟಿ ಹೀಗೆ ಗೊತ್ತುಮಾಡಿದೆ. ಮುಂದಿನ ಚುನಾವಣೆಗೆ ಎಲ್ಲ ಪಕ್ಷಗಳ ಉಮೇದುವಾರರಿಗೂ ಒಂದೇ ಪತ್ರ ಕಳಿಸುವುದು. ಅದರಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಸರ್ಕಾರಿ ಶಾಲೆಯ ಕೋಣೆಯೊಂದು ಭಾನುವಾರ ಸಿಕ್ಕೀತೇ ಎಂಬ ಪ್ರಶ್ನೆ, ಕಾರ್ಖಾನೆಗಳ ಹೊಗೆಯ ಪ್ರಶ್ನೆ, ಚರಂಡಿಯ ಪ್ರಶ್ನೆ ಇರುತ್ತವೆ. ಪೂಜೆಯ ಪ್ರಶ್ನೆ ಇರುವುದಿಲ್ಲ. ಬೇರೇನಾದರೂ ಸೇರಿಸಬೇಕೆನಿಸಿದವರು ಒಂದು ಚೀಟಿಯಲ್ಲಿ ಬರೆದು ಕಾರ್ಯದರ್ಶಿಯವರ ಕೈಗೆ ಕೊಡಿರಿ. ಬಂದ ಉತ್ತರಗಳನ್ನು ಬಂದಂತೆಯೇ ಅಚ್ಚು ಹಾಕಿಸುತ್ತೇವೆ. ಉತ್ತರ ಕೊಡದವರ ಹೆಸರಿನ ಎದುರು ಜಾಗ ಖಾಲಿ ಬಿಡುತ್ತೇವೆ.