ಎಷ್ಟು ದಿನದ ಕೂಲಿಗೆ ಒಂದು ಮನೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕನ್ನಡದಲ್ಲಿರುವಂತೆಯೇ ಮರಾಠಿಯಲ್ಲಿಯೂ ಇದೆ. ‘ಘರ ಪಾಹಾವೇ ಬಾಂಧೂನ, ಲಗ್ನ ಪಾಹಾವೇ ಕರೂನ’ ಎಂದು ಆ ಭಾಷೆಯವರು ಹೇಳುತ್ತಾರೆ. ಎರಡು ಭಾಷೆಗಳ ಗಾದೆಯಲ್ಲಿಯೂ ಬರುವ ಕ್ರಿಯಾಪದ ‘ಕಟ್ಟು’, ‘ಕೊಳ್ಳು’ ಅಲ್ಲ. ಸಾಧಾರಣ ವರಮಾನದವರು ಮನೆ ಕೊಳ್ಳಬಲ್ಲರೇ ಎಂಬ ಚರ್ಚೆ ಪುಣೆ, ಬೆಂಗಳೂರುಗಳಲ್ಲಿ ಫ್ಲ್ಯಾಟಿನ ಬೆಲೆ, ಬ್ಯಾಂಕಿನ ಬಡ್ಡಿ, ತಿಂಗಳ ಕಂತು ಇವುಗಳ ಸುತ್ತ ನಡೆಯುತ್ತದೆ. ಜತ್ತ ತಾಲೂಕಿನ ಯಳವಿಯಂಥ ಊರಿನಲ್ಲಿ ತಿಂಗಳ ಸಂಬಳದವರು ವಿರಳ. ಇಲ್ಲಿ ಲೆಕ್ಕ ದಿನಗೂಲಿಯದು, ಆಸರೆ ಸರ್ಕಾರದ ಘರಕುಲದ್ದು.

‘ಘರಕುಲ’ ಎಂಬುದು ಮರಾಠಿಯಲ್ಲಿ ಪುಟ್ಟ ಮನೆ, ಗೂಡು ಎಂಬ ಅರ್ಥದ ಮಮತೆಯ ಮಾತು. ಗಡಿಭಾಗದ ಕನ್ನಡಿಗರ ಬಾಯಲ್ಲಿ ಅದು ಕನ್ನಡದ ಶಬ್ದವೇ ಆಗಿಬಿಟ್ಟಿದೆ. ಆದರೆ ಕನ್ನಡದ ಕಿವಿಗೆ ಅದರಲ್ಲಿ ‘ಕುಲ’ವೂ ಕೇಳಿಸುತ್ತದೆ, ಅದು ತೀರ ತಪ್ಪೂ ಅಲ್ಲ. ಪರಿಶಿಷ್ಟ ಜಾತಿಯವರಿಗೆ ಮತ್ತು ನವಬೌದ್ಧರಿಗೆ ರಮಾಯಿ ಆವಾಸ, ಪರಿಶಿಷ್ಟ ಪಂಗಡದವರಿಗೆ ಶಬರಿ ಆವಾಸ, 2023ರಿಂದ ಇತರ ಹಿಂದುಳಿದ ವರ್ಗದವರಿಗೆ ಮೋದಿ ಆವಾಸ, ಇವೆಲ್ಲಕ್ಕೂ ಮೇಲೆ ಕೇಂದ್ರದ ಪ್ರಧಾನಮಂತ್ರಿ ಆವಾಸ ಯೋಜನೆ. ಹೆಸರು ಬೇರೆಯಾದರೂ ಬಯಲುಸೀಮೆಯ ಹಳ್ಳಿಗಳಲ್ಲಿ ಮೂಲ ಮೊತ್ತ ಹೆಚ್ಚು ಕಡಿಮೆ ಒಂದೇ: 1,20,000 ರೂಪಾಯಿ.

ಈ ಮೊತ್ತವನ್ನು ರೂಪಾಯಿಯಲ್ಲಿ ಎಣಿಸುವ ಬದಲು ಕೂಲಿಯ ದಿನಗಳಲ್ಲಿ ಎಣಿಸಿದರೆ ಅದರ ನಿಜವಾದ ಅಳತೆ ಗೊತ್ತಾಗುತ್ತದೆ. ಗ್ರಾಮೀಣ ಆವಾಸ ಯೋಜನೆ ಆರಂಭವಾದದ್ದು 2016ರಲ್ಲಿ. ಆ ವರ್ಷ ಮಹಾರಾಷ್ಟ್ರದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 192 ರೂಪಾಯಿ. ಎಂದರೆ ಸರ್ಕಾರ ಕೊಟ್ಟ ನೆರವು 625 ದಿನಗಳ ಕೂಲಿಗೆ ಸಮ. 2025-26ರಲ್ಲಿ ಕೂಲಿ 312 ರೂಪಾಯಿಗೆ ಏರಿತು. ನೆರವು ಮಾತ್ರ 1,20,000ದಲ್ಲಿಯೇ ನಿಂತಿತು. ಆ ವರ್ಷದ ದರದಲ್ಲಿ ಅದು 385 ದಿನಗಳ ಕೂಲಿ. ಒಂದು ರೂಪಾಯಿಯೂ ಕಡಿತವಾಗದೆ ನೆರವು 240 ದಿನಗಳಷ್ಟು ಕರಗಿಹೋಯಿತು. ಸಿಮೆಂಟು, ಕಬ್ಬಿಣ, ಮರಳು, ಗೌಂಡಿಯ ಮಜೂರಿ ಯಾವುದೂ 2016ರಲ್ಲಿ ನಿಂತಿಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಯೋಜನೆಯ ಪ್ರಕಾರ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಸುಮಾರು 269 ಚದರ ಅಡಿ. ಚದರ ಅಡಿಗೆ 1,500 ರೂಪಾಯಿ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ಖರ್ಚು 4 ಲಕ್ಷ ದಾಟುತ್ತದೆ. ನೆರವಿನ 1,20,000, ಶೌಚಾಲಯದ 12,000, ಉದ್ಯೋಗ ಖಾತ್ರಿಯಿಂದ 90 ದಿನಗಳ ಕೂಲಿಯಾಗಿ 2025-26ರ ದರದಲ್ಲಿ ಬರುತ್ತಿದ್ದ 28,080 ಎಲ್ಲವನ್ನೂ ಕೂಡಿಸಿದರೆ 1,60,080. ಉಳಿದ 2,43,000 ರೂಪಾಯಿ ಕುಟುಂಬದ ಹೊಣೆ. ಅದೇ ಕೂಲಿಯ ದರದಲ್ಲಿ ಇದು 780 ದಿನಗಳ ದುಡಿಮೆ. ಉಣ್ಣದೆ, ಉಡದೆ, ಒಂದು ದಿನವೂ ಬಿಡುವಿಲ್ಲದೆ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಯಬೇಕು. ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಗಂಡಾಳಿಗೆ ಇದಕ್ಕಿಂತ ಹೆಚ್ಚು ಸಿಗಬಹುದು, ಹೆಣ್ಣಾಳಿಗೆ ಕಡಿಮೆಯೂ ಸಿಗಬಹುದು. ಬರದ ತಾಲೂಕಿನಲ್ಲಿ ವರ್ಷವಿಡೀ ಕೆಲಸ ಯಾರಿಗೂ ಸಿಗುವುದಿಲ್ಲ. ಗಡಿಯಾಚೆ ಅಥಣಿ ತಾಲೂಕಿನಲ್ಲಿ ಅದೇ ವರ್ಷ ಅದೇ ಉದ್ಯೋಗ ಖಾತ್ರಿಯ ಕೂಲಿ 370 ರೂಪಾಯಿ ಇತ್ತು ಎಂಬುದನ್ನೂ ಇಲ್ಲಿಯವರು ಬಲ್ಲರು.

ಹಾಗಾದರೆ ಹಳ್ಳಿಗಳಲ್ಲಿ ಕಾಣುವ ಸಿಮೆಂಟಿನ ಮನೆಗಳು ಎದ್ದದ್ದು ಹೇಗೆ? ಫಲಾನುಭವಿಗೆ 70,000 ರೂಪಾಯಿವರೆಗೆ ಬ್ಯಾಂಕಿನ ಸಾಲ ದೊರಕಿಸಬಹುದೆಂದು ಯೋಜನೆಯ ನಿಯಮ ಹೇಳುತ್ತದೆ. ವರಮಾನದ ದಾಖಲೆಯಿಲ್ಲದ ಕೂಲಿಕಾರನಿಗೆ ಆ ಬಾಗಿಲು ಕಿರಿದು. ತೆರೆದಿರುವ ಬಾಗಿಲು ಮುಕಾದಮನದು. ಕಬ್ಬು ಕಡಿಯಲು ಹೋಗುವ ದಂಪತಿಗೆ, ಆ ವ್ಯವಹಾರದ ಭಾಷೆಯಲ್ಲಿ ಒಂದು ‘ಕೊಯತಾ’ಗೆ, ಹಂಗಾಮಿಗೆ ಮುನ್ನ ಮುಂಗಡವಾಗಿ ಬರುವ ‘ಉಚಲ’ವೇ ಜತ್ತದ ಗೃಹಸಾಲ. ಒಂದು ವರ್ಷದ ಉಚಲದಲ್ಲಿ ಬುನಾದಿ, ಮತ್ತೊಂದು ವರ್ಷದ್ದರಲ್ಲಿ ಗೋಡೆ, ಮೂರನೆಯದರಲ್ಲಿ ತಗಡೋ ಸ್ಲ್ಯಾಬೋ. ಬ್ಯಾಂಕಿನ ಸಾಲಕ್ಕೆ ಅಡವಾಗುವುದು ಮನೆ. ಉಚಲಕ್ಕೆ ಅಡವಾಗುವುದು ಮುಂದಿನ ಹಂಗಾಮಿನ ರಟ್ಟೆ. ದೀಪಾವಳಿಯ ಆಸುಪಾಸಿನಲ್ಲಿ ಆ ಮನೆಗೆ ಬೀಗ ಬೀಳುತ್ತದೆ. ಕಟ್ಟಿಸಿದವರು ಸಕ್ಕರೆ ಕಾರ್ಖಾನೆಯ ಬಯಲಿನಲ್ಲಿ ‘ಕೊಪಿ’ ಎಂಬ ಗುಡಿಸಲಿನಲ್ಲಿ ಮಲಗುತ್ತಾರೆ, ವಯಸ್ಸಾದವರು ಊರಿನಲ್ಲಿ ಉಳಿಯುತ್ತಾರೆ. ಇಂಥ ಮನೆಯನ್ನು ಅವರು ‘ಪಡೆದಿದ್ದಾರೆ’ ಎಂದು ಅಂಕಿಅಂಶದ ಪಟ್ಟಿ ಬರೆದುಕೊಳ್ಳುತ್ತದೆ. ಕಟ್ಟಡದ ಹಂತ ಹಂತದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ಏರಿಸಿದ ಮೇಲೆಯೇ ಮುಂದಿನ ಕಂತುಗಳು ಬಿಡುಗಡೆಯಾಗುವುದರಿಂದ, ಕೈಯಿಂದ ಮೊದಲು ಹಣ ಹಾಕಲಾರದವನಿಗೆ ಈ ಉಚಲವಿಲ್ಲದೆ ಗತಿಯೂ ಇಲ್ಲ.

ಇಷ್ಟೆಲ್ಲ ಜಾಗ ಇದ್ದವರ ಮಾತು. ಗಾವಠಾಣದಲ್ಲಿ ಅಂಗೈಯಗಲ ನೆಲವೂ ಇಲ್ಲದವರಿಗೆ ನೆರವಿನ ಮಂಜೂರಿ ಕಾಗದದಲ್ಲಿಯೇ ಉಳಿಯುತ್ತದೆ. ಹೊಲದ ತುಂಡನ್ನು ಕೊಳ್ಳೋಣವೆಂದರೆ 1947ರ ತುಕಡೇಬಂದಿ ಕಾಯಿದೆ ಗುಂಟೆ, ಎರಡು ಗುಂಟೆಯ ಕ್ರಯಕ್ಕೆ ಬಹುಕಾಲ ಅಡ್ಡ ನಿಂತಿತು. ಬೇಸಾಯದ ಭೂಮಿ ಚೂರುಚೂರಾಗಬಾರದೆಂಬ ಸದುದ್ದೇಶದ ಕಾಯಿದೆ ಅದು. ಆದರೆ ಎಕರೆಗಟ್ಟಲೆ ಕೊಳ್ಳುವವನಿಗೆ ಅದು ಅಡ್ಡಿಯಾಗಲಿಲ್ಲ, ಮನೆಯಷ್ಟೇ ಜಾಗ ಬೇಡುವವನಿಗೆ ಆಯಿತು. ಘರಕುಲದ ಫಲಾನುಭವಿಗೆ 1,000 ಚದರ ಅಡಿವರೆಗೆ ವಿನಾಯಿತಿ ಬಂದದ್ದು 2024ರಲ್ಲಿ, ಎಪ್ಪತ್ತೇಳು ವರ್ಷಗಳ ತರುವಾಯ. ಜಾಗ ಕೊಳ್ಳಲು ದೀನದಯಾಳ ಉಪಾಧ್ಯಾಯರ ಹೆಸರಿನ ಬೇರೊಂದು ಸಹಾಯಯೋಜನೆಯೂ ಇದೆ.

ಹಿಂದಿನವರು ಸಾಲವಿಲ್ಲದೆ ಮನೆ ಕಟ್ಟಲಿಲ್ಲವೇ ಎಂದು ಹಿರಿಯರು ಕೇಳುವುದುಂಟು. ಕಟ್ಟಿದರು ನಿಜ. ಮೇಲ್ಮುದ್ದಿಯ ಮನೆಗೆ ಮಣ್ಣು ಊರಿನದು, ತೊಲೆ ಜಂತಿಗಳು ಹೊಲದ ಬೇವು ಜಾಲಿಯವು, ಕೆಲಸ ಮುಯ್ಯಾಳುಗಳದ್ದು. ಹಣದ ಪಾತ್ರ ಚಿಕ್ಕದಾಗಿತ್ತು. ಆದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಭಾರವಾದ ಮಣ್ಣಿನ ಮಾಡುಗಳೇ. ಹಳೆಯ ಮನೆಯ ತಂಪನ್ನು ಹೊಗಳುವ ಲೇಖನಗಳು ಇದನ್ನು ಸಾಮಾನ್ಯವಾಗಿ ಮರೆಯುತ್ತವೆ. ದೇಹವನ್ನೇ ದೇಗುಲವಾಗಿಸಿದ ಬಸವಣ್ಣನ ವಚನಕ್ಕೆ ಪರೀಕ್ಷೆಯಲ್ಲಿ ಭಾವಾರ್ಥ ಬರೆಯುವ ವಿದ್ಯಾರ್ಥಿಗಳೂ ಗಮನಿಸಬೇಕಾದದ್ದಿದೆ: ಆ ವಚನದ ತತ್ತ್ವ ಹೊರಡುವುದು ಕಟ್ಟಲು ಹಣವಿಲ್ಲದವನ ಪ್ರಶ್ನೆಯಿಂದ.

ಅಲ್ಪ ಕೂಲಿಯವರು ಸ್ವಂತ ಮನೆಗೆ ಒಡೆಯರಾಗುವುದು ಸಾಧ್ಯವೇ ಇಲ್ಲವೆಂದಲ್ಲ. ನೆರೆಯ ಸೋಲಾಪುರದ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಗೋದೂತಾಯಿ ಪರುಳೇಕರ ಹೆಸರಿನ ಸಹಕಾರಿ ಸಂಘ ಕಟ್ಟಿ 10,000 ಮನೆಗಳನ್ನು ಪಡೆದರು. 2006ರಲ್ಲಿ ಅವು ಅವರ ಕೈಸೇರಿದವು. ಮಾಜಿ ಶಾಸಕ ನರಸಯ್ಯ ಆಡಮ್ ಅವರ ಮುಂದಾಳುತನದಲ್ಲಿ ಅದೇ ಕುಂಭಾರಿಯ ರೇನಗರದಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ಯೋಜನೆ ನಡೆದು, 2024ರ ಜನವರಿ 19ರಂದು ಮೊದಲ 15,000 ಮನೆಗಳು ಹಸ್ತಾಂತರವಾದವು. ಅಲ್ಲಿ ಸಂಘವಿತ್ತು, ಒಟ್ಟಿಗೆ ಕೊಂಡ ನೆಲವಿತ್ತು, ವರ್ಷಗಟ್ಟಲೆ ನಡೆದ ಹೋರಾಟವಿತ್ತು. ಜೊತೆಗೆ ನಗರ ಆವಾಸ ಯೋಜನೆಯಡಿ ಮನೆಯೊಂದಕ್ಕೆ ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದಿಂದ ಒಂದು ಲಕ್ಷ ಬರುತ್ತದೆ. ಸಿಮೆಂಟಿನ ಚೀಲ ಸೋಲಾಪುರಕ್ಕಿಂತ ಯಳವಿಯಲ್ಲಿ ಅಗ್ಗವೇನಲ್ಲ. ಆದರೂ ಹಳ್ಳಿಯ ಮೂಲ ನೆರವು ಅದರ ಅರ್ಧಕ್ಕೂ ಕಡಿಮೆ.

ಮಹಾರಾಷ್ಟ್ರ ಸರ್ಕಾರ 2025ರ ಮುಂಗಡಪತ್ರದಲ್ಲಿ ಘರಕುಲಕ್ಕೆ 50,000 ರೂಪಾಯಿ ಹೆಚ್ಚುವರಿ ಘೋಷಿಸಿತು. ಅದು ಪೂರ್ತಿಯಾಗಿ ಕೈಸೇರಿದರೂ 545 ದಿನಗಳ ಕೂಲಿಯಾಗುತ್ತದೆ; 2016ರ ಮಟ್ಟಕ್ಕೆ ಇನ್ನೂ 80 ದಿನ ಕೊರತೆ. ನೆರವನ್ನು ರೂಪಾಯಿಯಲ್ಲಿ ಗೊತ್ತುಪಡಿಸುವುದನ್ನು ಬಿಟ್ಟು ಕೂಲಿಯ ದಿನಗಳಲ್ಲಿಯೇ ಗೊತ್ತುಪಡಿಸುವುದು ನ್ಯಾಯ. 625 ದಿನವೆಂದು ನಿಶ್ಚಯಿಸಿದ್ದರೆ 2025-26ರಲ್ಲಿ ಅದು 1,95,000 ರೂಪಾಯಿ ಆಗುತ್ತಿತ್ತು, ಮುಂದೆ ಕೂಲಿ ಏರಿದಂತೆ ತಾನೂ ಏರುತ್ತಿತ್ತು. ಇದು ಔದಾರ್ಯದ ಬೇಡಿಕೆಯಲ್ಲ. ಕೊಟ್ಟ ಮಾತನ್ನು ಸವೆಯಗೊಡದಿರುವ ಬೇಡಿಕೆ. ಮೊದಲ ಕಂತನ್ನು ಬುನಾದಿಗೆ ಸಾಕಾಗುವಷ್ಟು ದೊಡ್ಡದಾಗಿ ಮುಂಚೆಯೇ ಕೊಟ್ಟರೆ ಉಚಲದ ಹಂಗೂ ಅಷ್ಟು ಕಡಿಮೆಯಾದೀತು.

ಇಂಥ ಮಾತುಗಳನ್ನು ಎತ್ತಬೇಕಾದ ಸ್ಥಳ ಗ್ರಾಮಸಭೆ. ಅಲ್ಲಿ ಫಲಾನುಭವಿಗಳ ಯಾದಿಯೂ ಠರಾವುಗಳೂ ಮರಾಠಿಯಲ್ಲಿರುತ್ತವೆ. ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ತನ್ನ ಹೆಸರು ಯಾದಿಯಲ್ಲಿದೆಯೋ ಇಲ್ಲವೋ ತಿಳಿಯಲು ಎರಡೂ ಓದಬಲ್ಲ ಮೊಮ್ಮಗ, ಮೊಮ್ಮಗಳೇ ಬೇಕು. ಕಬ್ಬಿನ ಹಂಗಾಮಿನ ನಡುವೆ ಬರುವ ಜನವರಿ 26ರ ಸಭೆಯಲ್ಲಂತೂ ಘರಕುಲ ಬೇಕಾದವರಲ್ಲಿ ಅನೇಕರು ಊರಿನಲ್ಲಿಯೇ ಇರುವುದಿಲ್ಲ.