ತುಂಬಿದ ಕಟ್ಟೆ, ಖಾಲಿ ಜಾಗ

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ದೇವರಾಜ ಮೊಹಲ್ಲಾದ ಮನೆಗಳಲ್ಲಿ ಒಂದೇ ಮಾತು: 'ಕನ್ನಂಬಾಡಿ ತುಂಬಿತೇ?' ತುಂಬಿದರೆ ಮಕ್ಕಳಿಗೆ ಬೃಂದಾವನದ ಪ್ರವಾಸ, ರೈತರಿಗೆ ನಾಲೆಯ ನೀರು, ನಮಗೆ ಕೊಳಾಯಿಯ ಭರವಸೆ.

ಆದರೆ ವಿದ್ಯಾರ್ಥಿಗಳೇ, ನೆರೆ ತಡೆಯುವ ಶಕ್ತಿ ಇರುವುದು ಕಟ್ಟೆಯಲ್ಲಿ ಉಳಿದಿರುವ ಖಾಲಿ ಜಾಗಕ್ಕೆ. ತುಂಬಿದ ಬಕೆಟ್ಟಿಗೆ ಕೊಳಾಯಿ ಬಿಟ್ಟರೆ ಬಂದಷ್ಟೂ ನೀರು ಹೊರಗೇ ಚೆಲ್ಲುತ್ತದೆ, ಅಲ್ಲವೇ?

1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಮುಖ್ಯ ಉದ್ದೇಶ ನೀರಾವರಿ ಮತ್ತು ಶಿವನಸಮುದ್ರದ ವಿದ್ಯುತ್ತಿಗೆ ನೀರು. ನೆರೆಯ ಆವೇಗ ತಗ್ಗಿಸುವುದು ಅದರ ಜೊತೆಗಿನ ಉಪಕಾರ. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ ಸುಮಾರು 49.45 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು ಹರಿದರೆ ಅದು ಒಂದು ಕ್ಯೂಸೆಕ್.

ಈಗ ಒಂದು ಲೆಕ್ಕ. ಕಟ್ಟೆಯಲ್ಲಿ 5 ಟಿಎಂಸಿ ಜಾಗ ಖಾಲಿಯಿದೆ. ಒಳಹರಿವು 1 ಲಕ್ಷ ಕ್ಯೂಸೆಕ್, ಹೊರಹರಿವು 40 ಸಾವಿರ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 60 ಸಾವಿರ ಘನ ಅಡಿ ಒಳಗೆ ಉಳಿಯುತ್ತದೆ. 500 ಕೋಟಿಯನ್ನು 60 ಸಾವಿರದಿಂದ ಭಾಗಿಸಿದರೆ ಸುಮಾರು 83 ಸಾವಿರ ಸೆಕೆಂಡು, ಎಂದರೆ 23 ಗಂಟೆ. ನದಿಪಾತ್ರದ ಜನ ಎತ್ತರದ ಜಾಗಕ್ಕೆ ಹೋಗಲು ಸಿಗುವ ಅವಕಾಶ ಅಷ್ಟು. ಆಮೇಲೆ ಬಂದ ನೀರನ್ನೆಲ್ಲ ಹೊರಕ್ಕೆ ಬಿಡಲೇಬೇಕು. 2019ರ ಆಗಸ್ಟ್‌ನಲ್ಲಿ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿದ್ದಾಗ ರಂಗನತಿಟ್ಟಿನ ದೋಣಿವಿಹಾರ ನಿಂತಿತು. ಶ್ರೀರಂಗಪಟ್ಟಣದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು.

ಪೋಷಕರಲ್ಲಿ ಒಂದು ಮಾತು. ಬಲಮುರಿ, ಎಡಮುರಿಗಳು ಕಟ್ಟೆಯ ಕೆಳಗಿವೆ. ಮೈಸೂರಿನಲ್ಲಿ ಬಿಸಿಲಿದೆ ಎಂದು ಮಕ್ಕಳು ಅಲ್ಲಿ ಧೈರ್ಯದಿಂದ ನೀರಿಗಿಳಿಯುತ್ತಾರೆ. ಆದರೆ ಹೊಳೆ ಏರುವುದು ನಮ್ಮ ತಲೆಯ ಮೇಲಿನ ಮೋಡದಿಂದಲ್ಲ. ಭಾಗಮಂಡಲದ ಮಳೆಯಿಂದ, ಕಟ್ಟೆಯ ಬಾಗಿಲುಗಳಿಂದ. ಮೊಣಕಾಲುದ್ದದ ನೀರು ಎದೆಮಟ್ಟಕ್ಕೆ ಏರಲು ಹೆಚ್ಚು ಹೊತ್ತು ಬೇಡ. ಈಜು ಬಲ್ಲವನನ್ನೂ ಸೆಳವು ಬಿಡದು. ಕಟ್ಟೆ ತುಂಬುತ್ತಿರುವ ದಿನಗಳಲ್ಲಿ ದಡದ ಮೇಲಿಂದಲೇ ನೋಡಿ ಬನ್ನಿ.

ಈ ವಾರದ ಅಭ್ಯಾಸ: ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಬರುವ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವುಗಳನ್ನು ಏಳು ದಿನ ಬರೆದಿಡಿ. ಖಾಲಿ ಜಾಗ ಎಷ್ಟು ಗಂಟೆ ಬಾಳುತ್ತದೆಂದು ಲೆಕ್ಕ ಹಾಕಿ, ಮನೆಯವರಿಗೂ ಹೇಳಿ.